ಮೂವತ್ತೊಂದನೆಯ ಕ್ಯಾಸೆಟ್

ಹಲಸೂರು, ಬೆಂಗಳೂರು
22 ಆಗಸ್ಟ್ 2004, ಭಾನುವಾರ

ಚಿ|| ಕುಮಾರಿ ತೇಜಶ್ರೀಗೆ,

ನಿನ್ನ ಅಮ್ಮನ ಆಶೀರ್ವಾದಗಳು. ಇಲ್ಲಿ ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ. ಮಂಡಿನೋವೊಂದನ್ನು ಬಿಟ್ಟರೆ ಅದು ನಿಜವೂ ಹೌದು. ಕಾಗದ ತಡವಾಯಿತು, ಹೊಟ್ಟೆಗೆ ಹಾಕಿಕೋ. ವಾರ, ಹದಿನೈದು ದಿನ ತಡವಾದರೆ ಕೆಲಸ ಜಾಸ್ತಿ ಎನ್ನಬಹುದು, ಜ್ವರ ಬಂದಿತ್ತು ಎನ್ನಬಹುದು. ಏಳು ವರ್ಷ ಮೂರು ತಿಂಗಳಿಗೆ ಯಾವ ನೆಪ ಹೇಳಲಿ? ನಿನ್ನ ವಿಳಾಸ ಗೊತ್ತಿರಲಿಲ್ಲ ಎಂದರೆ ಅದೂ ನಿಜವೇ, ಆದರೆ ಹುಡುಕಿದವರಿಗೆ ತಾನೆ ವಿಳಾಸ ಸಿಗುವುದು.

ನಿನ್ನ ಹೆಸರಿನ ಆ ಮೊದಲ ಸಾಲು ಬರೆಯಲು ನಾಲ್ಕು ಹಾಳೆ ಹಾಳು ಮಾಡಿದೆ. ಮೊದಲನೆಯದರಲ್ಲಿ ಅಭ್ಯಾಸಬಲದಿಂದ ‘ಚಿ|| ರಾ||’ ಎಂದು ಬರೆದು, ಮುಂದೆ ನಿನ್ನಪ್ಪ ಇಟ್ಟ ಹೆಸರಿಗೆ ಕೈ ಹೋಯಿತು. ಹರಿದು ಹಾಕಿದೆ. ಆ ಹೆಸರನ್ನು ಈ ಕಾಗದದಲ್ಲಿ ಎಲ್ಲಿಯೂ ಬರೆಯುವುದಿಲ್ಲ. ತೇಜಶ್ರೀ ಎನ್ನುವುದು ಚೆನ್ನಾಗಿದೆ. ನಾನು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಗಟ್ಟಿಯಾಗಿ ಎರಡು ಸಲ ಕರೆದು ನೋಡಿದೆ. ಪಕ್ಕದ ಮನೆಯ ಖುರ್ಷೀದಾ ಗೋಡೆಯಾಚೆಯಿಂದ, “ಯಾರು ಅಕ್ಕಾ, ನೆಂಟರು ಬಂದಿದ್ದಾರಾ?” ಎಂದಳು. ಹೌದು ಎಂದೆ.

ಹೆಸರು ನನಗೆ ಹೇಗೆ ಗೊತ್ತಾಯಿತು ಎಂದು ನೀನು ಕೇಳುತ್ತೀಯ. ಅದನ್ನು ಹೇಳುವುದಕ್ಕೇ ಈ ಕಾಗದ. ನನಗೆ ಬೇಕಾದದ್ದನ್ನೂ ಮೊದಲೇ ಹೇಳಿಬಿಡುತ್ತೇನೆ, ಅಡ್ಡಗೋಡೆಯ ಮೇಲೆ ದೀಪ ಇಡುವ ವಯಸ್ಸು ನನ್ನದಲ್ಲ. ನೀನು ಒಂದು ದಿನ ಮನೆಗೆ ಬರಬೇಕು. ಒಂದು ಮಧ್ಯಾಹ್ನ ಸಾಕು. ಆದರೆ ನಾನು ಮಾಡಿರುವುದನ್ನು ಓದಿದ ಮೇಲೆ ಬರುವುದು ಬಿಡುವುದು ನಿನಗೆ ಸೇರಿದ್ದು.

ನಾನು ಕೆಲಸಕ್ಕೆ ಹೋಗುತ್ತಿದ್ದ ಶಿವಾಜಿನಗರದ ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚಿ ಎರಡು ವರ್ಷವಾಯಿತು. ಮೆಷಿನ್‌ಗಳನ್ನೆಲ್ಲ ಲಾರಿಗೆ ಹಾಕಿಕೊಂಡು ಹೋದರಂತೆ, ನಾನು ನೋಡಲು ಹೋಗಲಿಲ್ಲ. ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತೆ. ಕಲಿಸಿದ ಹುಡುಗಿ, “ಆಂಟಿ, ಅಷ್ಟು ಜೋರಾಗಿ ಕುಟ್ಟಬೇಡಿ, ಕೀಬೋರ್ಡ್ ಮುರಿದುಹೋಗುತ್ತೆ” ಎಂದು ದಿನಾ ಬೇಡಿಕೊಳ್ಳುತ್ತಿದ್ದಳು. ಕಳೆದ ವರ್ಷ ಇಂದಿರಾನಗರದಲ್ಲಿ ಪ್ರತಿಭಾ ಮೇಡಂ ಅವರ ಹತ್ತಿರ ಕೆಲಸಕ್ಕೆ ಸೇರಿದೆ. ಅವರು ಯಾರೆಂದು ನಿನಗೆ ಹೇಳಬೇಕಾಗಿಲ್ಲ. ನಿನ್ನ ಎದುರಿಗೆ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಎರಡು ಮಧ್ಯಾಹ್ನ ನಿನ್ನ ಮಾತು ಕೇಳಿದವರು ಅವರೇ. ಆ ಟೇಪನ್ನು ಆಮೇಲೆ ಕೇಳಿ, ಒಂದೊಂದು ಮಾತನ್ನೂ ಟೈಪ್ ಮಾಡುವವಳು ಒಬ್ಬಳಿರುತ್ತಾಳೆ ಎಂದು ನೀನು ಸಹಿ ಹಾಕಿದ ಫಾರಂನಲ್ಲಿತ್ತು. ಅವಳು ನಾನು.

ಈಗ ಕಾಗದ ಹರಿಯಬೇಡ. ಇನ್ನೊಂದು ಪುಟ ಓದು.

ಪ್ರತಿಭಾ ಮೇಡಂ ಮನಶ್ಶಾಸ್ತ್ರದವರು, ಧಾರವಾಡದ ಕಡೆಯವರು. ಗಂಡು ಹೆಣ್ಣು ಎಂದು ಊರು ಹಾಕಿದ ಎರಡು ಚೀಟಿಯಲ್ಲಿ ಯಾವುದೂ ತಮಗೆ ಹೊಂದಲಿಲ್ಲ ಎನ್ನುವವರ ಮನಸ್ಸಿನ ಮೇಲೆ ಬೀಳುವ ಒತ್ತಡ ಎಷ್ಟು, ಎಲ್ಲಿಂದ, ಅದನ್ನು ತಡೆದುಕೊಳ್ಳಲು ಆಸರೆ ಯಾವುದು, ಇದು ಅವರ ಸಂಶೋಧನೆ. ಶಾಸ್ತ್ರದಲ್ಲಿ ಅದಕ್ಕೆ ಅಲ್ಪಸಂಖ್ಯಾತರ ಒತ್ತಡ ಎನ್ನುತ್ತಾರಂತೆ. ಖುರ್ಷೀದಾಗೆ ಹೇಳಿದರೆ, “ನಮ್ಮ ಬಗ್ಗೇನಾ? ಒತ್ತಡ ಅಳೆಯೋಕೆ ಅಷ್ಟು ದೊಡ್ಡ ಆಫೀಸ್ ಯಾಕೆ ಅಕ್ಕಾ, ನನ್ನ ಸೊಸೆನ ಕಳಿಸ್ತೀನಿ, ಕೂರಿಸ್ಕೊಂಡು ನೋಡಿ” ಎಂದಳು.

ಕೆಲಸಕ್ಕೆ ಸೇರಿದ ದಿನ ಮೇಡಂ ನನಗೆ ಅದನ್ನು ಬಿಡಿಸಿ ಹೇಳಿದ್ದು ನೆನಪಿದೆ. “ಬಿದ್ದ ಏಟು ಮಾಯ್ತದ್ರೀ ಆದಿಲಕ್ಷ್ಮಿ ಅವ್ರ. ಬೀಳ್ತದೇನೋ ಅಂತ ದಿನಾ ಕಾಯೋದು ಮಾಯಂಗಿಲ್ಲ. ಯಾರೂ ಬೈದಿರಂಗಿಲ್ಲ, ಆದ್ರ ಮೈ ಬಿಗಿ ಹಿಡದು ಕುಂತಿರ್ತಾರ.” ನನಗೆ ಅರ್ಥವಾಯಿತು ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಆದರೆ ನನಗೆ ಅವತ್ತು ನೆನಪಾದದ್ದು ನೀನು ಹುಟ್ಟಿದ ಹೊಸದರಲ್ಲಿ ಇದೇ ಇಂದಿರಾನಗರದಲ್ಲಿ ನಾವಿದ್ದ ಬಾಡಿಗೆ ಮನೆ. ಮನೆಯೊಡತಿ ಒಳ್ಳೆಯವಳು, ಒಂದು ಮಾತು ಆಡಿದವಳಲ್ಲ. “ನೀವು ಯಾವ ಕಡೆಯೋರು?” ಎಂದು ಒಂದೇ ಒಂದು ಸಲ ಕೇಳಿದ್ದಳು, ನಿನ್ನಪ್ಪ “ಕೋಲಾರದ ಕಡೆ” ಎಂದು ಜಾರಿಕೊಂಡಿದ್ದರು. ಹನ್ನೊಂದು ತಿಂಗಳು ಬಾಬಾಸಾಹೇಬರ ಫೋಟೋ ಬೀರುವಿನೊಳಗೆ ಸೀರೆಗಳ ಕೆಳಗಿತ್ತು. ಅವಳ ಚಪ್ಪಲಿ ಸದ್ದು ಮೆಟ್ಟಿಲ ಮೇಲೆ ಕೇಳಿದರೆ ಬೀರು ಸರಿಯಾಗಿ ಮುಚ್ಚಿದೆಯೇ ಎಂದು ನೋಡಿ ಬರುತ್ತಿದ್ದೆ. ಏನೂ ಆಗಲಿಲ್ಲ, ಆ ಮನೆಯಲ್ಲಿ ನಮಗೆ ಏನೂ ಆಗಲಿಲ್ಲ. ಆದರೂ ಹನ್ನೊಂದು ತಿಂಗಳಲ್ಲಿ ನಾನು ಆರು ಕೆಜಿ ಇಳಿದಿದ್ದೆ.

ನಿನ್ನ ಟೇಪ್ ಕೇಳಿದ ಮೇಲೆ ತಿಳಿಯಿತು, ನಮ್ಮ ಮನೆಯಲ್ಲಿ ನೀನು ಹದಿನೇಳು ವರ್ಷ ಹಾಗೆಯೇ ಇದ್ದೆ ಎಂದು. ನಿನ್ನ ಪಾಲಿನ ಮನೆಯೊಡತಿ ನಾನಾಗಿದ್ದೆ.

ಇವತ್ತಿಗೆ ಸಾಕು. ಕಣ್ಣು ಉರಿಯುತ್ತಿದೆ.

25 ಆಗಸ್ಟ್, ಬುಧವಾರ, ಆಫೀಸಿನಲ್ಲಿ ಊಟದ ಹೊತ್ತು

ಟೈಪ್ ಮಾಡುವ ಕೆಲಸದ ನಿಯಮಗಳನ್ನು ಹೇಳುತ್ತೇನೆ, ಆಗ ನನ್ನ ತಪ್ಪಿನ ತೂಕ ನಿನಗೆ ಗೊತ್ತಾಗುತ್ತದೆ. ಕಿವಿಗೆ ಹೆಡ್‌ಫೋನ್, ಮೇಜಿನ ಕೆಳಗೆ ಕಾಲಲ್ಲಿ ಒತ್ತುವ ಪೆಡಲ್. ಒತ್ತಿದರೆ ಟೇಪ್ ಓಡುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ, ಮತ್ತೆ ಒತ್ತಿದರೆ ಎರಡು ಮಾತು ಹಿಂದಕ್ಕೆ ಹೋಗಿ ಶುರುವಾಗುತ್ತದೆ. ಆಡಿದ್ದನ್ನೆಲ್ಲ ಆಡಿದ ಹಾಗೆಯೇ ಬರೆಯಬೇಕು. ತಿದ್ದಬಾರದು, ಚೆಂದ ಮಾಡಬಾರದು. ಮೌನವನ್ನೂ ಬರೆಯಬೇಕು, ಎಷ್ಟು ಸೆಕೆಂಡ್ ಎಂದು ಲೆಕ್ಕ ಹಾಕಿ. ಹೆಸರು ಬಂದಲ್ಲಿ ಹೆಸರು ತೆಗೆದು ನಂಬರ್ ಹಾಕಬೇಕು. ಕೊನೆಯ ನಿಯಮವನ್ನು ಮೇಡಂ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾರೆ: ಧ್ವನಿ ಪರಿಚಿತ ಎನಿಸಿದರೆ ಆ ಕ್ಷಣವೇ ಟೇಪ್ ನಿಲ್ಲಿಸಿ, ಕ್ಯಾಸೆಟ್ ತೆಗೆದು ವಾಪಸ್ ಕೊಡಬೇಕು. ಮಾತಾಡಿದವರು ನಂಬಿಕೆಯ ಮೇಲೆ ಮಾತಾಡಿರುತ್ತಾರೆ.

ಜೂನ್ ಮೂರನೆಯ ವಾರ ನನ್ನ ಮೇಜಿಗೆ ಮೂವತ್ತೊಂದನೆಯ ಕ್ಯಾಸೆಟ್ ಬಂತು. ಮೊದಲ ಐದು ನಿಮಿಷ ನನಗೆ ಏನೂ ತಿಳಿಯಲಿಲ್ಲ, ಅದನ್ನು ಆಣೆ ಮಾಡಿ ಹೇಳುತ್ತೇನೆ. ನಿನ್ನ ಧ್ವನಿ ತೆಳ್ಳಗಾಗಿದೆ, ಮಾತು ನಿಧಾನವಾಗಿದೆ. ಮೇಡಂ ಹೆಸರು ಕೇಳಿದರು, ನೀನು “ತೇಜಶ್ರೀ” ಎಂದೆ. ನಾನು ನಿಯಮದ ಪ್ರಕಾರ ಅದನ್ನು ಬಿಟ್ಟು ‘31’ ಎಂದು ಹೊಡೆದೆ. ನನ್ನ ಮಗಳ ಹೆಸರು ನನಗೆ ಮೊದಲ ಸಲ ಕೇಳಿಸಿದ್ದು ಹಾಗೆ, ಕೇಳಿಸಿದ ಕೂಡಲೇ ನಾನು ಅದನ್ನು ಅಳಿಸಿದ್ದು ಹೀಗೆ.

ಆಮೇಲೆ ಮೇಡಂ ಏನೋ ತಮಾಷೆ ಮಾಡಿದರು, ನೀನು ನಕ್ಕೆ. ಉಸಿರನ್ನು ಒಳಕ್ಕೆಳೆದುಕೊಂಡು ನಗುವುದು ನಿಮ್ಮಪ್ಪನ ಮನೆಯವರಲ್ಲಿ ಬಿಟ್ಟರೆ ನಾನು ಇನ್ನೆಲ್ಲೂ ಕಂಡಿಲ್ಲ. ನನ್ನ ಕಾಲು ಪೆಡಲ್ ಮೇಲಿತ್ತು. ಎತ್ತಬೇಕಿತ್ತು. ಗೋಡೆಯ ಮೇಲಿನ ಕಾಗದ ಕಣ್ಣೆದುರಿಗೇ ಇತ್ತು. ನಗು ಒಂದರಿಂದ ಹೇಗೆ ಹೇಳುವುದು, ಇನ್ನು ಸ್ವಲ್ಪ ಕೇಳಿ ಖಾತ್ರಿ ಮಾಡಿಕೊಳ್ಳೋಣ ಎಂದುಕೊಂಡೆ. ಕಳ್ಳನಿಗೊಂದು ಪಿಳ್ಳೆ ನೆವ.

ಖಾತ್ರಿಯಾದದ್ದು ಬೋರ್ಡಿನ ಮಾತಿನಿಂದ. ತೊಂಬತ್ತೈದರಲ್ಲಿ ವರದಕ್ಷಿಣೆ ಸಾವುಗಳ ವಿರುದ್ಧ ಶಿವಾಜಿನಗರದಲ್ಲಿ ಮೆರವಣಿಗೆ ಹೊರಟಾಗ ನಾನು ಹಿಡಿದ ಬೋರ್ಡನ್ನು ನೀನು ಬರೆದುಕೊಟ್ಟಿದ್ದೆ. ‘ಹೆಣ್ಣಿನ ಬದುಕು ಹೆಣ್ಣಿನದೇ’. ನಿನಗಾಗ ಹದಿನೈದು ವರ್ಷ. ಟೇಪಿನಲ್ಲಿ ನೀನು ಹೇಳುತ್ತಿದ್ದೆ: “ಅಮ್ಮನ ಬೋರ್ಡ್ ಬರೆದಿದ್ದು ನಾನೇ ಮೇಡಂ. ಕೆಂಪು ಬಣ್ಣದಲ್ಲಿ. ಬರೀತಾ ಬರೀತಾ ಅನ್ಸ್ತು, ಇದು ನನ್ನ ಬಗ್ಗೆನೂ ತಾನೆ ಅಂತ. ಯಾರಿಗೂ ಹೇಳ್ಲಿಲ್ಲ. ಆದ್ರೆ ಅಮ್ಮ ಅದನ್ನ ಎತ್ಕೊಂಡು ಊರೆಲ್ಲ ತಿರುಗಿದ್ಲು. ನಂಗೆ ಅವತ್ತು ಎಷ್ಟು ಖುಷಿ ಆಗಿತ್ತು ಗೊತ್ತಾ?”

ನಾನು ಆ ದಿನ ಎರಡೂ ಬದಿ ಕೇಳಿದೆ. ತೊಂಬತ್ತು ನಿಮಿಷದ ಟೇಪು, ಟೈಪ್ ಮಾಡಲು ಆರು ಗಂಟೆ ಹಿಡಿಯಿತು. ಮರುದಿನ ಇನ್ನೊಂದು ಕ್ಯಾಸೆಟ್. ಎಲ್ಲವನ್ನೂ ನೀನು ಹೇಳಿದ ಹಾಗೆಯೇ ಹೊಡೆದೆ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನಿನ್ನ ಮೌನಗಳನ್ನೂ ಎಣಿಸಿದೆ. ಅತಿ ದೊಡ್ಡದು ನಲವತ್ತೊಂದು ಸೆಕೆಂಡಿನದು. ಅದು ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ಪೊಲೀಸರು ಹಿಡಿದ ರಾತ್ರಿಯ ಮಾತು ಬಂದಾಗ. ಮೇಡಂ ಏನೂ ಕೇಳದೆ ಕಾದಿದ್ದಾರೆ. ಹಿಂದೆ ಲಾರಿಯ ಹಾರನ್ ಕೇಳಿಸುತ್ತದೆ. ಆಮೇಲೆ ನೀನು “ಅದಿರ್ಲಿ ಬಿಡಿ” ಎಂದಿದ್ದೀಯ. ನಾನು ಹಿಂದಕ್ಕೆ ತಿರುಗಿಸಿ ಆ ಮೌನವನ್ನು ನಾಲ್ಕು ಸಲ ಕೇಳಿದೆ ಮಗಳೇ, ಅದರೊಳಗೆ ಏನಾದರೂ ಸಿಗುತ್ತದೇನೋ ಎಂದು.

ನೀನೀಗ ಬೋರ್ಡ್ ಬರೆಯುವ ಅಂಗಡಿಯಲ್ಲಿರುವುದು ಕೇಳಿ ಎಷ್ಟು ಹಿಗ್ಗಿದೆ ಎಂದರೆ, ಮುಂದೆ ನೀನು ಹೇಳಿದ್ದು ಒಂದು ನಿಮಿಷ ಕೇಳಿಸಲೇ ಇಲ್ಲ. ಎಲ್ಲಿ ಎಂದೂ ಹೇಳಿದ್ದೆ. ಟೈಪ್ ಮಾಡುವಾಗ ಜಾಗದ ಹೆಸರನ್ನೂ ಅಳಿಸಿದೆ. ಆದರೆ ತಲೆಯಿಂದ ಅಳಿಸುವುದು ಹೇಗೆಂದು ಗೋಡೆಯ ಮೇಲೆ ಬರೆದಿರಲಿಲ್ಲ. ಒಂದು ಶನಿವಾರ ಕಮ್ಮನಹಳ್ಳಿಗೆ ಹೋದೆ. ಮೇನ್ ರೋಡಿನ ಈ ತುದಿಯಿಂದ ಆ ತುದಿಗೆ ನಡೆದೆ. ನಿನ್ನನ್ನು ಹುಡುಕಲಿಲ್ಲ, ಅಷ್ಟು ಧೈರ್ಯ ಇರಲಿಲ್ಲ. ತಲೆಯೆತ್ತಿ ಬೋರ್ಡುಗಳನ್ನು ನೋಡುತ್ತಾ ಹೋದೆ: ಬೇಕರಿ, ಮೆಡಿಕಲ್ ಸ್ಟೋರ್, ಮಟನ್ ಅಂಗಡಿ, ಟೈಲರ್. ಇದರಲ್ಲಿ ನನ್ನ ಮಗಳು ಬರೆದದ್ದು ಯಾವುದು? ಒಬ್ಬ ಎಳನೀರಿನವನು “ಏನಮ್ಮಾ, ಅಡ್ರೆಸ್ ಹುಡುಕ್ತಿದ್ದೀರಾ?” ಎಂದ. ಇಲ್ಲಪ್ಪ ಎಂದು ಬಸ್ ಹತ್ತಿದೆ. ಒಂದೇ ಸಲ ಹೋದೆ ಎಂದು ಬರೆಯುವವಳಿದ್ದೆ. ಎರಡು ಸಲ ಹೋಗಿದ್ದೇನೆ.

ಹದಿನೆಂಟು ದಿನ ಮುಚ್ಚಿಟ್ಟುಕೊಂಡ ಮೇಲೆ ಮೇಡಂಗೆ ಹೇಳಿದೆ. ಅವರು ಕೈಯಲ್ಲಿದ್ದ ಪೆನ್ ಕೆಳಗಿಟ್ಟರು. “ಅಲ್ರೀ, ಗೋಡಿ ಮ್ಯಾಲ ಬರದದ್ದು ನಿಮಗ ಕಾಣಲಿಲ್ಲೇನು?” ಎಂದರು. ಕಾಣಿಸಿತು ಎಂದೆ. ಬೈದಿದ್ದರೆ ಹಗುರಾಗುತ್ತಿತ್ತು. ಕೊನೆಗೆ ಹೇಳಿದರು: “ನೀವು ಹೇಳಿದಂಥಾ ಮನಷ್ಯಾ ನಮ್ಮ ಪಟ್ಟಿಯೊಳಗ ಇದ್ದಾರ ಅಂತ ನಾ ಹೇಳಂಗಿಲ್ಲ, ಇಲ್ಲಂತನೂ ಹೇಳಂಗಿಲ್ಲ. ಆದ್ರ ಮೂವತ್ತೊಂದನೇ ಟೇಪ್ ಪರಿಚಯದವರ ಕಿವಿಗೆ ಬಿತ್ತು ಅನ್ನೋದನ್ನ ಮೂವತ್ತೊಂದನೇಯವರಿಗೆ ನಾ ತಿಳಿಸಲೇಬೇಕು. ಅವರು ತಮ್ಮ ಮಾತೆಲ್ಲಾ ವಾಪಸ್ ತಗೋಬಹುದು. ಅದು ಅವರ ಹಕ್ಕು. ನಿಮ್ಮದೇನರ ಹೇಳೋದಿದ್ರ ಒಂದು ಕಾಗದ ಬರದು ಕೊಡ್ರಿ. ನಾ ಓದಂಗಿಲ್ಲ. ಅವರು ಬ್ಯಾಡ ಅಂದ್ರ ಒಡೀದನ ನಿಮಗ ತಿರುಗಿ ಬರ್ತದ.”

ಈ ಕಾಗದ ನಿನ್ನ ಕೈಗೆ ಬಂದಿರುವುದು ಆ ದಾರಿಯಲ್ಲಿ. ಒಡೆಯದ ಲಕೋಟೆ ವಾಪಸ್ ಬಂದರೂ ನಾನು ಯಾಕೆಂದು ಕೇಳುವುದಿಲ್ಲ.

29 ಆಗಸ್ಟ್, ಭಾನುವಾರ

ಬೆಳಿಗ್ಗೆಯಿಂದ ಸೋನೆ. ಖುರ್ಷೀದಾ ಬಿಸಿ ಸಮೋಸ ತಂದುಕೊಟ್ಟಳು, ಜೊತೆಗೆ ಸೊಸೆಯ ಮೇಲೆ ಒಂದು ಗಂಟೆಯ ದೂರು. ಅವಳು ಹೋದ ಮೇಲೆ ಕೂತಿದ್ದೇನೆ.

ಒಂದು ಒಳ್ಳೆಯ ಸುದ್ದಿ ಬರೆಯುವುದನ್ನು ಮರೆತಿದ್ದೆ, ನನ್ನ ಬಗ್ಗೆ ಒಳ್ಳೆಯದೆನ್ನಬಹುದಾದದ್ದು ಇದೊಂದೇ. ಹೋದ ತಿಂಗಳು ನಮ್ಮ ಹಳೆಯ ಮಹಿಳಾ ಸಂಘದ ಸಭೆಯಲ್ಲಿ ಮೇಡಂ ತಮ್ಮ ಸಂಶೋಧನೆಯ ಬಗ್ಗೆ ಮಾತಾಡಿದರು. ಯಾರ ಹೆಸರೂ ಇಲ್ಲ, ಊರೂ ಇಲ್ಲ, ಬರೀ ತಿಳಿದುಬಂದ ವಿಷಯಗಳು. ಆಶಾರಾಣಿ ಅಕ್ಕ ನಿನಗೆ ನೆನಪಿರಬೇಕು, ಮೆರವಣಿಗೆಯಲ್ಲಿ ಮೈಕ್ ಹಿಡಿಯುತ್ತಿದ್ದವರು. ಅವರು ಎದ್ದು, “ನಮ್ಮ ಕಷ್ಟ ಹೇಳ್ಕೊಳ್ಳೋಕೇ ನಮಗೆ ಜಾಗ ಇಲ್ಲ. ಹೆಣ್ಣಾಗಿ ಹುಟ್ಟಿದೋರ ಪಾಡು ಅವ್ರಿಗೇನು ಗೊತ್ತು? ಇದು ಹೆಣ್ಮಕ್ಕಳ ಸಂಘ ರೀ” ಎಂದರು. ಮೂರ್ನಾಲ್ಕು ಜನ ತಲೆಯಾಡಿಸಿದರು. ನಾನು ಸಭೆಗಳಲ್ಲಿ ಚಾಪೆ ಹಾಸಿ ವರದಿ ಟೈಪ್ ಮಾಡಿಕೊಟ್ಟವಳೇ ಹೊರತು ಬಾಯಿ ಬಿಟ್ಟವಳಲ್ಲ. ಅವತ್ತು ಹೇಗೋ ಎದ್ದು ನಿಂತಿದ್ದೆ. “ಅಕ್ಕಾ, ತೊಂಬತ್ತೈದರಲ್ಲಿ ನಾನು ಹಿಡ್ದಿದ್ದ ಬೋರ್ಡನ್ನ ನೀವೇ ಹೊಗಳಿದ್ರಿ, ಯಾರು ಬರೆದಿದ್ದು ಅಂತ ಕೇಳಿದ್ರಿ. ಅದನ್ನ ಬರೆದೋಳು ನನ್ನ ಮಗಳು. ಅವಳಿಗೆ ಗೊತ್ತಿಲ್ಲದೆ ಹಾಗೆ ಬರೆದ್ಲಾ?” ಎಂದೆ. ಆಶಾರಾಣಿ ಅಕ್ಕ, “ನಿಂಗೆ ಮಗ ಅಲ್ವೇನೇ ಇದ್ದಿದ್ದು?” ಎಂದರು. ನಾನು ಚಾಪೆಯ ಮೇಲೆ ಕೂತುಬಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಅವರಿಗೆ ಅರ್ಥವಾಗಿರಬೇಕು. ಚಹಾ ಕೊಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು ಹೋದರು. ಏನನ್ನೂ ಒಪ್ಪಿಕೊಂಡರು ಎಂದು ನಾನು ಹೇಳುವುದಿಲ್ಲ.

ಈಗ ಎರಡನೆಯ ಟೇಪಿನ ಕೊನೆಗೆ ಬರುತ್ತೇನೆ. ಅಲ್ಲಿಗೆ ಬರಬಾರದೆಂದು ಒಂದು ವಾರದಿಂದ ಸುತ್ತುಹೊಡೆಯುತ್ತಿದ್ದೇನೆ.

ಕೆ.ಆರ್. ಪುರದಾಚೆಯ ಬುದ್ಧ ವಿಹಾರದ ಕಥೆ ನೀನು ಹೇಳಿದ್ದು ಅಲ್ಲಿ. ಪ್ರತಿ ಬೇಸಿಗೆಯಲ್ಲಿ ನಮ್ಮ ಜನದ ಹುಡುಗರಿಗೆ ಅಲ್ಲಿ ಹತ್ತು ದಿನದ ಶ್ರಾಮಣೇರ ಶಿಬಿರ ನಡೆಯುತ್ತದೆ. ತಲೆ ಬೋಳಿಸಿ, ಚೀವರ ಹೊದಿಸಿ, ಪುಟ್ಟ ಭಿಕ್ಷುಗಳಂತೆ ಇಟ್ಟುಕೊಂಡು ಕಳಿಸುತ್ತಾರೆ. ಮೇಡಂಗೆ ನೀನು ಅದನ್ನು ಎಷ್ಟು ಚೆನ್ನಾಗಿ ವಿವರಿಸಿದ್ದೆ, ಯಾರ ಮೇಲೂ ಕೋಪವಿಲ್ಲದೆ. ಚಿಕ್ಕಮುನಿಯಪ್ಪ ಚಿಕ್ಕಪ್ಪ ಬಂದು ಬುದ್ಧ ಪೂರ್ಣಿಮೆಗೆ ಬ್ಯಾನರ್ ಬರೆಯಬೇಕು ಬಾ ಎಂದು ಕರೆದದ್ದು, ಬಣ್ಣ, ಬ್ರಷ್ಷು ಎಲ್ಲ ಚೀಲಕ್ಕೆ ಹಾಕಿಕೊಂಡು ನೀನು ಹೋದದ್ದು, ಅಲ್ಲಿ ಇಪ್ಪತ್ತು ಹುಡುಗರು ಸಾಲಾಗಿ ಕೂತಿದ್ದದ್ದು. ಹೆಗಲಿಗೆ ಬಂದಿದ್ದ ನಿನ್ನ ಕೂದಲು. “ಭಂತೇಜಿ ಅಂದ್ರೆ ಅಲ್ಲಿನ ಗುರು, ಒಳ್ಳೆಯವ್ರು ಮೇಡಂ. ಇಷ್ಟ ಇದ್ದು ಬಂದಿದ್ದೀಯಾ ಅಂದ್ರು. ಅಷ್ಟು ಜನ ನೋಡ್ತಿದ್ರು, ನಾನು ಹೂಂ ಅಂದ್ಬಿಟ್ಟೆ. ಅಮ್ಮನ ಒಪ್ಪಿಗೆ ಇದೆಯಾ ಅಂದ್ರು. ಚಿಕ್ಕಪ್ಪ ಒಂದು ಕಾಗದ ಕೊಟ್ಟ. ಅಮ್ಮಂಗೆ ಏನೂ ಗೊತ್ತಿರ್ಲಿಲ್ಲ, ಅವಳು ಕೆಲಸಕ್ಕೆ ಹೋಗಿದ್ಲು. ಎಲ್ಲೋ ಟೈಪ್ ಮಾಡಿಸ್ಕೊಂಡು ಅವಳ ಸೈನ್ ಇವನೇ ಹಾಕಿದ್ದ.” ನಾಲ್ಕನೆಯ ದಿನ ಬೆಳಿಗ್ಗೆ ಚೀವರವನ್ನು ಮಡಿಸಿಟ್ಟು ಹೊರಟುಹೋದೆ ಎಂದೆ. ಮನೆಗೆ ಯಾಕೆ ಹೋಗಲಿಲ್ಲ ಎಂದು ಮೇಡಂ ಕೇಳಿದರು. “ಆ ತಲೆ ನೋಡಿದ್ರೆ ಅಮ್ಮ ಚಿಕ್ಕಪ್ಪನ ಜೊತೆ ಜಗಳಕ್ಕೆ ಬಿದ್ದು ಒಂಟಿಯಾಗ್ಬಿಡ್ತಾಳೆ ಅನ್ನಿಸ್ತು. ಅಪ್ಪ ಹೋದ್ಮೇಲೆ ಅವಳಿಗೆ ಇದ್ದಿದ್ದು ಆ ಒಬ್ಬ ಮೈದುನ” ಎಂದಿದ್ದೀಯ.

ಇಷ್ಟೆಲ್ಲ ಆದರೂ ನಿಮ್ಮನ್ನು ಹಿಡಿದು ನಿಲ್ಲಿಸಿದ್ದು ಏನು ಎಂದು ಮೇಡಂ ಕೊನೆಗೆ ಎಲ್ಲರನ್ನೂ ಕೇಳುತ್ತಾರೆ. ಮೂವತ್ತು ಟೇಪಿನಲ್ಲಿ ನಾನು ಉತ್ತರಗಳನ್ನು ಹೊಡೆದಿದ್ದೇನೆ. ಗುರು, ಗೆಳತಿ, ಎಲ್ಲಮ್ಮ, ಹಟ, ಒಬ್ಬಳಂತೂ ಬಿರಿಯಾನಿ ಎಂದಳು. ನೀನು ತಡೆಯದೆ ಹೇಳಿದೆ:

“ಅಮ್ಮ. ಅವಳಿಗೆ ನಾನೇ ಹೇಳಿದ್ದೆ ಮೇಡಂ, ಶಿಬಿರಕ್ಕಿಂತ ತಿಂಗಳು ಮುಂಚೆ. ನಾನು ಹುಡುಗ ಅಲ್ಲ ಅಮ್ಮ, ಒಳಗಡೆ ಯಾವತ್ತೂ ಆಗಿರ್ಲಿಲ್ಲ ಅಂತ. ಅವಳು ಬೈಲಿಲ್ಲ, ಅಳಲಿಲ್ಲ. ಮುದ್ದೆ ಆರ್ತಾ ಇದೆ, ಬಾ ಅಂದ್ಲು. ಅವತ್ತು ಬಸ್ಸಾರು ಮಾಡಿದ್ಲು, ಎರಡು ಮುದ್ದೆ ಹಾಕಿದ್ಲು. ಅದಕ್ಕಿಂತ ಒಪ್ಪಿಗೆ ಬೇಕಾ? ಎಲ್ಲಾದ್ರೂ ಬಿದ್ದಾಗ ಅದನ್ನೇ ನೆನಸ್ಕೋತೀನಿ. ಆ ದಿನ ಅವಳಿಗೆ ಗೊತ್ತಿದ್ದಿದ್ರೆ ನನ್ನ ಕೂದಲು ಮುಟ್ಟೋಕೆ ಬಿಡ್ತಿರ್ಲಿಲ್ಲ.”

ಮೇಡಂ ತಮ್ಮ ದೊಡ್ಡ ಹಾಳೆಯಲ್ಲಿ ‘ಆಸರೆ’ ಎನ್ನುವ ಕಡೆ ಮೂವತ್ತೊಂದರ ಮುಂದೆ ‘ತಾಯಿ’ ಎಂದು ಬರೆದಿದ್ದಾರೆ. ನಾನು ಅದನ್ನು ದಿನಾ ಹಾದುಹೋಗುತ್ತೇನೆ.

ನಿನ್ನ ಹಾಸಿಗೆ ಹಾಗೆಯೇ ಇದೆ ಎಂದು ಬರೆದರೆ ಸುಳ್ಳಾಗುತ್ತದೆ. ಹತ್ತಿ ಬಿಚ್ಚಿಸಿ ದಿಂಬು ಮಾಡಿಸಿದೆ. ಆದರೆ ಊಟಕ್ಕೆ ಕೂತಾಗ ಬಾಗಿಲ ಕಡೆ ಮುಖ ಮಾಡಿ ಕೂರುವುದು ನಿಂತಿಲ್ಲ. ಹಲಸೂರು ಮಾರ್ಕೆಟ್ಟಿನಲ್ಲಿ ಯಾರಾದರೂ ಅಂಥವರು ಕೈತಟ್ಟಿ ಬಂದರೆ, ಜನ ಪಕ್ಕಕ್ಕೆ ಸರಿದರೆ, ನಾನು ಮುಂದೆ ಹೋಗಿ ಮುಖ ನೋಡುತ್ತೇನೆ. ಒಬ್ಬಳು “ಏನಮ್ಮಾ ಹಂಗ್ ನೋಡ್ತೀಯ?” ಎಂದು ಗದರಿದಳು. “ಊಟ ಆಯ್ತಾ?” ಎಂದೆ. ಅವಳು ನಕ್ಕು ನನ್ನ ತಲೆ ಮುಟ್ಟಿ ಹೋದಳು. ನಿನ್ನ ಧ್ವನಿ ಈಗ ನನ್ನ ಹತ್ತಿರ ಇಲ್ಲ. ಮೇಡಂ ಎರಡೂ ಕ್ಯಾಸೆಟ್ ಬೀಗ ಹಾಕಿಟ್ಟಿದ್ದಾರೆ, ಬೇರೆಯವರಿಂದ ಮತ್ತೆ ಟೈಪ್ ಮಾಡಿಸುತ್ತಾರಂತೆ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೂ ಸರಿಯೇ ಇತ್ತು.

ಚಳಿಗೆ ಸರಿಯಾಗಿ ಹೊದ್ದುಕೋ. ಏಣಿಯ ಮೇಲೆ ನಿಂತು ಬರೆಯುವಾಗ ಕೆಳಗೆ ಯಾರಾದರೂ ಹಿಡಿದುಕೊಂಡಿರಲಿ. ಬಣ್ಣದ ಕೈಯಲ್ಲಿ ಊಟ ಮಾಡಬೇಡ, ನಿನಗೆ ಆ ಚಾಳಿ ಇತ್ತು. ಜೊತೆಯಲ್ಲಿದ್ದಾರೆ ಎಂದು ಟೇಪಿನಲ್ಲಿ ಹೇಳಿದ ಆ ಇಬ್ಬರು ಗೆಳತಿಯರಿಗೂ ನನ್ನ ಆಶೀರ್ವಾದ ತಿಳಿಸು. ಬುದ್ಧನ ಕರುಣೆ ನಿನ್ನ ಮೇಲಿರಲಿ, ನೂರು ವರ್ಷ ನಿನ್ನ ಹೆಸರಿನಲ್ಲಿ ನೀನು ಬಾಳು.

ನಿನ್ನ ಅಮ್ಮ,
ಆದಿಲಕ್ಷ್ಮಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿ, ಒಣಗುವ ಮೊದಲೇ ಬಿಚ್ಚಿದೆ.

ಚಿಕ್ಕಪ್ಪ ಭಂತೇಜಿಗೆ ಕೊಟ್ಟ ಆ ಒಪ್ಪಿಗೆಯ ಕಾಗದ ಸುಳ್ಳಲ್ಲ. ಚಿಕ್ಕಪ್ಪನಿಗೆ ನಿನ್ನ ವಿಷಯ ಹೇಳಿದವಳು ನಾನು, ಆ ಮುದ್ದೆಯ ಮಾರನೆಯ ದಿನ. ಎರಡು ಮುದ್ದೆ ಹಾಕಿದ್ದು ಆಡಲು ಮಾತು ಸಿಗದೆ. ಹತ್ತು ದಿನ ಭಂತೇಜಿಯ ನೆರಳಲ್ಲಿದ್ದರೆ ಮನಸ್ಸು ತಿಳಿಯಾಗುತ್ತದೆ ಎಂದು ಶಿಬಿರದ ಮಾತು ತೆಗೆದವಳೂ ನಾನೇ, ಚಿಕ್ಕಪ್ಪ ಅಲ್ಲ. ‘ನನ್ನ ಮಗನು ಸ್ವಇಚ್ಛೆಯಿಂದ ಬರುತ್ತಿದ್ದು, ಕೇಶಮುಂಡನಕ್ಕೆ ನನ್ನ ಪೂರ್ಣ ಒಪ್ಪಿಗೆ ಇರುತ್ತದೆ’ ಎಂದು ಇನ್‌ಸ್ಟಿಟ್ಯೂಟಿನಲ್ಲಿ ಕೂತು ಹೊಡೆದೆ. ಒಂದು ತಪ್ಪಿಲ್ಲದೆ ಹೊಡೆದೆ. ಸಹಿ ನನ್ನದು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ನನ್ನಂಥವಳನ್ನು ಕಂಡೇ.

ನೀನು ವಿಹಾರಕ್ಕೆ ಹೊರಟ ಆ ಸೋಮವಾರ ನಾನು ಕೆಲಸಕ್ಕೆ ಹೋಗಿರಲಿಲ್ಲ, ರಜೆ ಹಾಕಿದ್ದೆ. ನೀನು ಬಾಗಿಲಲ್ಲಿ ನಿಂತು “ಬೇಗ ಬಾಮ್ಮ” ಎಂದೆ. ಹೂಂ ಎಂದು ಬಂದು ಹಲಸೂರು ಕೆರೆಯ ದಂಡೆಯಲ್ಲಿ ಕೂತೆ. ಮಧ್ಯಾಹ್ನ ಮೂರು ಗಂಟೆಯವರೆಗೆ ಕೂತಿದ್ದೆ, ಇಷ್ಟೊತ್ತಿಗೆ ಕೂದಲು ತೆಗೆದಾಗಿರುತ್ತದೆ ಎನ್ನುವವರೆಗೆ.

ಇದನ್ನು ಹೇಳದೆ ಕರೆದಿದ್ದರೆ ನೀನು ಬರುತ್ತಿದ್ದೆ, ನನಗೆ ಗೊತ್ತು. ಬಂದು ನೀನು ಹುಡುಕುತ್ತಿದ್ದದ್ದು, ಗೊತ್ತಿದ್ದರೆ ಕೂದಲು ಮುಟ್ಟಲು ಬಿಡುತ್ತಿರಲಿಲ್ಲ ಎಂದು ನೀನು ನಂಬಿದ ಆ ಅಮ್ಮನನ್ನು. ಅವಳು ಈ ಮನೆಯಲ್ಲಿ ಇರಲಿಲ್ಲ ಮಗಳೇ. ಇದ್ದವಳು ನಾನು.